ಹಾನಗಲ್ ಅಂದ್ರೆ ಗಂಡನ ಮನೆ ಹೆಸರಲ್ಲ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘ ನಡೆಸಿದ ಕ್ವಿಜ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂರನೇ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿರುವ 'ಹಾನಗಲ್' ಎಲ್ಲಿಂದ ಬಂತು? ಒಂದು ತಂಡ ಗಂಡನ ಮನೆತನದ ಹೆಸರು ಅಂತು. ಇನ್ನೊಂದು ತಂಡ ತಂದೆಯ ಅಡ್ಡಹೆಸರು ಅಂತು. ಪ್ರಶ್ನೆ ಪಾಸ್ ಆಗಿ ನಮ್ಮ ಟೇಬಲ್ಲಿಗೆ ಬಂದಾಗ ಬಜರ್ ಒತ್ತಿದ್ದು ನಾನೇ. ನಾನು ಹೇಳಿದ್ದೂ ತಪ್ಪು ಉತ್ತರ, 'ಗಂಡನ ಹೆಸರು' ಅಂತ.

ನಾಚಿಕೆಯ ವಿಷಯ ಏನು ಅಂದ್ರೆ, ನನ್ನೂರೇ ಹಾನಗಲ್. ತಾರಕೇಶ್ವರ ಗುಡಿಯ ಛತ್ತಿನಲ್ಲಿರೋ ಕಲ್ಲಿನ ಕಮಲವನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಊರಿನ ಹೆಸರು ಅಷ್ಟು ದೊಡ್ಡದಾಗಿ ಆ ಹೆಸರಿನಲ್ಲೇ ಕೂತಿದ್ದರೂ ನನಗೆ ಹೊಳೆಯಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಇದೆಲ್ಲ ಎಲ್ಲಿ ಗೊತ್ತಿರಬೇಕು ಅಂತ ನೆಪ ಹೇಳಬಹುದಿತ್ತು. ರಾತ್ರಿ ಅಜ್ಜಿಗೆ ಫೋನ್ ಮಾಡಿ ಹೇಳಿದರೆ ಅವಳು ಬೈದಳು: "ಅದು ಗಂಡನ ಹೆಸರಲ್ಲವಾ, ನಮ್ಮೂರ ಹೆಸರು. ಅಷ್ಟೂ ತಿಳೀಲಿಲ್ಲೇನ ನಿನಗ?"

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಹೆಣ್ಣಿನ ಹೆಸರಿನ ಮುಂದೆ ಏನೇ ಇದ್ದರೂ ಅದು ಅಪ್ಪನದೋ ಗಂಡನದೋ ಇರಲೇಬೇಕು ಅಂತ ನಾವೆಲ್ಲ ಯಾಕೆ ಅಂದುಕೊಂಡ್ವಿ? ಅದರ ಬೆನ್ನುಹತ್ತಿ ಅವರ ಬಗ್ಗೆ ಓದುತ್ತಾ ಹೋದೆ. ಅವರು ತಾವೇ ಹೇಳಿ, ಎನ್ಕೆ ಕುಲಕರ್ಣಿಯವರು ಬರಹಕ್ಕಿಳಿಸಿದ ಆತ್ಮಕಥೆ 'ನನ್ನ ಬದುಕಿನ ಹಾಡು' ಇದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳೊಬ್ಬಳು ತನ್ನ ಬದುಕನ್ನ ತಾನೇ ಹೇಳಿಕೊಳ್ಳಲು ಕೂತದ್ದೇ ದೊಡ್ಡ ವಿಷಯ ಅಂತ ನನಗನಿಸುತ್ತೆ. ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು: ಗಂಗೂಬಾಯಿಯವರನ್ನ ನಾವು ತುಂಬ ಗೌರವಿಸ್ತೀವಿ, ಆದರೆ ಆ ಗೌರವದಲ್ಲಿ ಅವರ ಬದುಕನ್ನ ತೊಳೆದು, ಇಸ್ತ್ರಿ ಮಾಡಿ ಇಟ್ಟುಬಿಟ್ಟಿದ್ದೀವಿ. ಹಾಗೆ ಮಾಡಬಾರದು.

ಮೊದಲು ಹೆಸರಿನ ವಿಷಯ ಮುಗಿಸೋಣ. ಗಂಗೂಬಾಯಿ ಹುಟ್ಟಿದ್ದು ಹಾನಗಲ್ಲಿನಲ್ಲಲ್ಲ, ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ತಂದೆ ಚಿಕ್ಕೂರಾವ್ ನಾಡಿಗೇರ. ತಾಯಿ ಅಂಬಾಬಾಯಿ, ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಹದಿನಾರನೇ ವಯಸ್ಸಿಗೆ ಬಾಳಸಂಗಾತಿಯಾದವರು ವಕೀಲ ಗುರುರಾವ್ ಕೌಲಗಿ. ಲೆಕ್ಕದ ಪ್ರಕಾರ ಗಂಗೂಬಾಯಿ ನಾಡಿಗೇರ ಆಗಬೇಕಿತ್ತು, ಇಲ್ಲ ಗಂಗೂಬಾಯಿ ಕೌಲಗಿ ಆಗಬೇಕಿತ್ತು. ಎರಡೂ ಆಗಲಿಲ್ಲ. ತಾಯಿಯ ಕಡೆಯವರ ಮೂಲ ಊರು ಹಾನಗಲ್, ಆ ಹೆಸರೇ ನಿಂತಿತು. ಹಾಡನ್ನೇ ಬದುಕು ಮಾಡಿಕೊಂಡಿದ್ದ ಹೆಣ್ಣುಮಕ್ಕಳ ಮನೆತನ ಅದು. ಅಂಥ ಮನೆಗಳಲ್ಲಿ ವಿದ್ಯೆಯೂ ಹೆಸರೂ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಸಮಾಜ ಆ ಮನೆಗಳ ಹಾಡು ಕೇಳೋದು, ಆಮೇಲೆ ಆ ಮನೆಗಳನ್ನ ಕೀಳಾಗಿ ನೋಡೋದು, ಎರಡನ್ನೂ ಒಟ್ಟಿಗೇ ಮಾಡುತ್ತಿತ್ತು.

ಅಂದರೆ ನಾವು ವೇದಿಕೆ ಮೇಲೆ ಹೆಮ್ಮೆಯಿಂದ ಕೂಗೋ ಆ ಹೆಸರಿನಲ್ಲೇ ಇಡೀ ಕಥೆ ಇದೆ: ಜಾತಿ, ತಾಯಿಯ ವಂಶ, ಊರಿನ ತಾತ್ಸಾರ. ನಾವು ಮಾತ್ರ ಅದನ್ನ ಗಂಡನ ಹೆಸರು ಅಂದುಕೊಂಡು ಅರಾಮಾಗಿದ್ದೀವಿ.

ಈಗ ಸ್ವಲ್ಪ ನಮ್ಮ ಕಡೆಯ ನಕ್ಷೆ ನೋಡಿ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು. 1997ರಲ್ಲಿ ಹಾವೇರಿ ಜಿಲ್ಲೆ ಆಗೋ ತನಕ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. ಕಟ್ಟಳೆ ಮೀರಿ ಬದುಕಿದವರನ್ನ ತಲೆ ಮೇಲೆ ಹೊತ್ತುಕೊಳ್ಳೋದರಲ್ಲಿ ನಮ್ಮ ಈ ಸೀಮೆಯನ್ನ ಮೀರಿಸೋರಿಲ್ಲ. ಹಿರೇಕೆರೂರು ತಾಲೂಕಿನ ಅಬಲೂರನ್ನ ಸರ್ವಜ್ಞನ ಊರು ಅಂತೀವಿ. ಕುಂಬಾರ ತಾಯಿ, ಬ್ರಾಹ್ಮಣ ತಂದೆ ಅನ್ನೋ ಅವನ ಹುಟ್ಟಿನ ಕಥೆಯನ್ನ ಯಾವ ಮುಜುಗರವೂ ಇಲ್ಲದೆ ಹೇಳ್ತೀವಿ. ಮನೆ ಇಲ್ಲ, ಮಠ ಇಲ್ಲ, ಊರೂರು ಅಲೆದ ಅಂತ ಹೊಗಳ್ತೀವಿ. ಶಿಗ್ಗಾಂವ ತಾಲೂಕಿನ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುನಾಳದ ಷರೀಫರು ಮುಸ್ಲಿಂ ಮನೆಯಲ್ಲಿ ಹುಟ್ಟಿ ಗೋವಿಂದಭಟ್ಟರನ್ನ ಗುರು ಅಂತ ಒಪ್ಪಿಕೊಂಡವರು. ಇವತ್ತಿಗೂ ಅವರ ಪದ ಗೊತ್ತಿಲ್ಲದ ಭಜನಾ ಮೇಳ ನಮ್ಮ ಕಡೆ ಸಿಗೋದು ಕಷ್ಟ.

ಇವರೆಲ್ಲ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದನ್ನ ಗಮನಿಸಿ. ಗಂಡಸು ಕಟ್ಟಳೆ ಮುರಿದರೆ ಆ ಮುರಿದದ್ದೇ ಅವನ ಕಥೆಯ ಮುಖ್ಯ ಭಾಗ ಆಗುತ್ತೆ. ಮಕ್ಕಳ ಪುಸ್ತಕದಲ್ಲೂ ಬರುತ್ತೆ, ನಾಟಕದಲ್ಲೂ ಬರುತ್ತೆ. ಹೆಣ್ಣು ಮುರಿದರೆ ಆ ಭಾಗವನ್ನ ಮೆಲ್ಲಗೆ ಬಿಟ್ಟುಬಿಡ್ತೀವಿ. ಶಾಲೆಯಲ್ಲಿ ನನಗೆ ಗಂಗೂಬಾಯಿ ಸಿಕ್ಕಿದ್ದು ಜನರಲ್ ನಾಲೆಡ್ಜ್ ಪುಸ್ತಕದ ಒಂದು ಸಾಲಿನಲ್ಲಿ: ಕಿರಾನಾ ಘರಾಣೆಯ ಗಾಯಕಿ, ಪದ್ಮಭೂಷಣ 1971, ಪದ್ಮವಿಭೂಷಣ 2002. ಮುಗೀತು. ಎರಡು ಇಸವಿ ನೆನಪಿಟ್ಟುಕೊಂಡರೆ ಒಂದು ಮಾರ್ಕು.

ಸವಣೂರನ್ನ ಬಿಟ್ಟೆ ಅನ್ನಬೇಡಿ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು ವಿ.ಕೃ. ಗೋಕಾಕರು. ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ ಬಂದು, ಜ್ಞಾನಪೀಠದ ತನಕ ಬೆಳೆದವರು. ಅವರಿಗಿಂತ ನಾಲ್ಕು ವರ್ಷ ಚಿಕ್ಕವರು ಗಂಗೂಬಾಯಿ. ಅದೇ ಸೀಮೆ, ಅದೇ ಕಾಲ. ಒಬ್ಬರಿಗೆ ಆಕ್ಸ್‌ಫರ್ಡ್, ಇನ್ನೊಬ್ಬರಿಗೆ ಐದನೇ ಇಯತ್ತೆ. ಪ್ರತಿಭೆಯ ವ್ಯತ್ಯಾಸ ಅಂತ ಯಾರಾದರೂ ಹೇಳೋಕಾಗುತ್ತಾ? ನಮ್ಮ ಹಾನಗಲ್ ತಾಲೂಕಿನಲ್ಲೇ ಹುಟ್ಟಿದ ಪಂಚಾಕ್ಷರಿ ಗವಾಯಿಗಳನ್ನ, ಪುಟ್ಟರಾಜ ಗವಾಯಿಗಳನ್ನ ನೋಡಿ. ಇಬ್ಬರಿಗೂ ಕಣ್ಣಿರಲಿಲ್ಲ. ಅವರು ಪಟ್ಟ ಕಷ್ಟ ಸಣ್ಣದಲ್ಲ, ಅದನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ಪಂಚಾಕ್ಷರಿ ಗವಾಯಿಗಳ ಕೈಹಿಡಿಯೋಕೆ ಹಾನಗಲ್ ಕುಮಾರಸ್ವಾಮಿಗಳು ಇದ್ದರು, ಪುಟ್ಟರಾಜರ ಕೈಹಿಡಿಯೋಕೆ ಪಂಚಾಕ್ಷರಿ ಗವಾಯಿಗಳು ಇದ್ದರು. ಬೆನ್ನಿಗೆ ಒಂದು ಮಠ ಇತ್ತು, ಆಮೇಲೆ ಗದಗಿನ ಆಶ್ರಮ ಆಯಿತು. ಗಂಗೂಬಾಯಿಯ ಬೆನ್ನಿಗೆ ಇದ್ದದ್ದು ಒಬ್ಬ ತಾಯಿ.

ಆ ತಾಯಿ ಏನು ಮಾಡಿದರು ಅನ್ನೋದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಂಬಾಬಾಯಿ ಚೆನ್ನಾಗಿ ಹಾಡುತ್ತಿದ್ದವರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರು ಬಂದು ಕೇಳಿ ಹೋಗುತ್ತಿದ್ದಷ್ಟು ಚೆನ್ನಾಗಿ. ಮಗಳಿಗೆ ಒಲವಿದ್ದದ್ದು ಹಿಂದೂಸ್ತಾನಿ ಕಡೆ. ಅದಕ್ಕೆ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ಅಲ್ಲಿ ಕೃಷ್ಣಾಚಾರ್ಯ ಹುಲಗೂರ ಎಂಬುವರ ಹತ್ತಿರ ಪಾಠ ಶುರುವಾಯಿತು. ಹುಲಗೂರು ಅಂದ್ರೆ ನಮ್ಮ ಶಿಗ್ಗಾಂವ ತಾಲೂಕಿನ ಊರು, ಶಿಶುನಾಳದ ಮಗ್ಗುಲಿನದು. ತನ್ನ ಕರ್ನಾಟಕ ಶೈಲಿ ಮಗಳ ಕಿವಿಯಲ್ಲಿ ಕಲಸಿಹೋಗಬಾರದು ಅಂತ ಅಂಬಾಬಾಯಿ ಹಾಡೋದನ್ನೇ ನಿಲ್ಲಿಸಿಬಿಟ್ಟರು. 1932ರಲ್ಲಿ ತೀರಿಕೊಂಡರು. ಮಗಳಿಗಾಗ ಹತ್ತೊಂಬತ್ತು. ನನ್ನ ಈಗಿನ ವಯಸ್ಸು.

ಅಷ್ಟರಲ್ಲಿ ಆ ಹುಡುಗಿ ಎಷ್ಟು ನೋಡಿಯಾಗಿತ್ತು ಅಂತ ಲೆಕ್ಕ ಹಾಕಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು. ಅಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಹನ್ನೊಂದರ ಗಂಗೂ ಕೂಡ ಇದ್ದಳು. ನಮ್ಮ ಭಾಷಣಗಳಲ್ಲಿ ಇದು 'ಗಾಂಧೀಜಿ ಎದುರು ಹಾಡಿದ ಬಾಲಪ್ರತಿಭೆ' ಅಂತ ಬರುತ್ತೆ. ಅವರಿಗೆ ಮಾತ್ರ ಆ ದಿನದ್ದು ಬೇರೆಯೇ ನೆನಪು. ತನ್ನ ಜಾತಿ ನೋಡಿ, ಊಟ ಆದಮೇಲೆ ಎಲೆ ಎತ್ತೋಕೆ ಹೇಳ್ತಾರೇನೋ ಅನ್ನೋ ಹೆದರಿಕೆ. ಭಾಷಣದಲ್ಲಿ ಮೊದಲನೇದು ಇರುತ್ತೆ, ಎರಡನೇದು ಇರಲ್ಲ. ಇಸ್ತ್ರಿ ಮಾಡಿದ್ದೀವಿ ಅಂದೆನಲ್ಲ, ಅದು ಇದೇ.

ಆಮೇಲೆ ಕುಂದಗೋಳದ ಕಥೆ. ಅಲ್ಲಿ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ, ಗಂಗೂಬಾಯಿಯವರ ಗುರುಗಳು. 1930ರ ದಶಕದ ಕೊನೆಯಲ್ಲಿ ಅಲ್ಲಿ ಪಾಠ ಜೋರಾದಾಗ ಗಂಗೂಬಾಯಿ ಹೊಸಬರಲ್ಲ. ಎಚ್‌ಎಂವಿ ಕಂಪನಿ 'ಗಾಂಧಾರಿ' ಅನ್ನೋ ಹೆಸರಿನಲ್ಲಿ ಅವರ ಪ್ಲೇಟುಗಳನ್ನ ಆಗಲೇ ತಂದಿತ್ತು. ಮದುವೆಯಾಗಿ, ಮಕ್ಕಳಾಗಿದ್ದವು. ಹೆಸರು ಬಂದಮೇಲೂ ಇನ್ನೂ ಕಲೀಬೇಕು ಅಂತ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಬೀದಿಯಲ್ಲಿ ಹೊರಟರೆ 'ಗಾನೇವಾಲಿ' ಅಂತ ಚುಚ್ಚುವವರಿದ್ದರು.

ಅದೇ ಗುರುವಿನ ಹತ್ತಿರ ಅದೇ ಕಾಲದಲ್ಲಿ ಕಲಿಯುತ್ತಿದ್ದ ಇನ್ನೊಬ್ಬರು ಭೀಮಸೇನ ಜೋಶಿ. ಅವರ ಕಥೆ ನಮಗೆಲ್ಲ ಗೊತ್ತು: ಸಂಗೀತದ ಹುಚ್ಚಿಗೆ ಹನ್ನೊಂದನೇ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗಿ, ಟಿಕೆಟ್ ಇಲ್ಲದೆ ರೈಲು ಹತ್ತಿ, ಗ್ವಾಲಿಯರ್ ತನಕ ಅಲೆದು, ಕೊನೆಗೆ ಕುಂದಗೋಳಕ್ಕೆ ಬಂದು ಗುರುವಿನ ಮನೆಯಲ್ಲೇ ಉಳಿದು ಕಲಿತದ್ದು. ಕೇಳೋಕೆ ಸಿನಿಮಾ ಥರ ಇದೆ. ಪಾಠ ಮುಗಿಸಿ ಗಂಗೂಬಾಯಿ ವಾಪಸ್ ಹೊರಟಾಗ ಅವರನ್ನ ಸ್ಟೇಷನ್ನಿನ ತನಕ ಬಿಟ್ಟು ಬರುತ್ತಿದ್ದವರೂ ಭೀಮಸೇನರೇ.

ಆ ಚಿತ್ರವನ್ನ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಇಬ್ಬರೂ ಕತ್ತಲಲ್ಲಿ ನಡೀತಿದ್ದಾರೆ. ಒಬ್ಬರು ಮನೆ ಬಿಟ್ಟು ಬಂದವರು, ಇನ್ನೊಬ್ಬರು ಮನೆಗೆ ಹೋಗಲೇಬೇಕಾದವರು. ಹನ್ನೊಂದು ವರ್ಷದ ಹುಡುಗಿ ಹಾಗೆ ಟಿಕೆಟ್ ಇಲ್ಲದೆ ರೈಲು ಹತ್ತಿದ್ದರೆ ಏನಾಗುತ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ. ಓಡಿಹೋಗೋದು ಕೂಡ ಒಂದು ಸೌಲಭ್ಯ, ಅದು ಎಲ್ಲರಿಗೂ ಸಿಗಲ್ಲ.

ಇಲ್ಲೇ ನಮ್ಮ ಕ್ಯಾಂಪಸ್ಸಿನ ಮಾತು ಬರುತ್ತೆ. ನಮ್ಮ ಪ್ರಕಾರ 'ವಿಭಿನ್ನ ಬದುಕು' ಅಂದ್ರೆ ಏನು? ರೀಲ್ಸ್ ನೋಡಿ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೈಕ್ ಹತ್ತಿದವನು, ಡ್ರಾಪೌಟ್ ಆಗಿ ಗಿಟಾರ್ ಹಿಡಿದವನು. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಒಂದು ಗಂಟೆಗೆ ನಾವೂ ಮಾತಾಡ್ತೀವಿ, ಎಲ್ಲ ಬಿಟ್ಟು ಹೋಗಿಬಿಡಬೇಕು ಕಣೇ ಅಂತ. ಆಮೇಲೆ ಬೆಳಿಗ್ಗೆ ಇಂಟರ್ನಲ್ಸ್. ಬಿಟ್ಟು ಹೋಗೋಕೆ ಆಗಲ್ಲ ಅಂತ ಗೊತ್ತಾದ ಮೇಲೆ ಹಾಡನ್ನೋ ಚಿತ್ರವನ್ನೋ ಬರವಣಿಗೆಯನ್ನೋ ಬಿಡ್ತೀವಿ. ನನ್ನ ರೂಮ್‌ಮೇಟ್ ಪೆನ್ಸಿಲ್ಲಿನಲ್ಲಿ ಮುಖ ಬಿಡಿಸಿದರೆ ಉಸಿರಾಡಿದ ಹಾಗಿರುತ್ತೆ. ಮೂರನೇ ಸೆಮ್‌ನಲ್ಲಿ ನಿಲ್ಲಿಸಿದಳು. "ಇದರಿಂದ ಏನ್ ಸಿಗುತ್ತೆ, ಪ್ಲೇಸ್‌ಮೆಂಟ್‌ಗೆ ಬರಲ್ಲ" ಅಂತಾಳೆ. ಅವಳಿಗೆ ಯಾರೂ ಬೇಡ ಅಂದಿಲ್ಲ. ಎರಡೇ ದಾರಿ ಇವೆ ಅಂತ ನಾವೆಲ್ಲ ಸೇರಿ ನಂಬಿಸಿದ್ದೀವಿ ಅಷ್ಟೇ: ಎಲ್ಲ ಬಿಟ್ಟು ಕಲಾವಿದೆಯಾಗು, ಇಲ್ಲ ಕಲೆ ಬಿಟ್ಟು ಎಂಜಿನಿಯರ್ ಆಗು.

ಗಂಗೂಬಾಯಿಯವರ ಬದುಕು ಮೂರನೇ ದಾರಿ. ಅವರು ಮನೆಯನ್ನೂ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ದಿನಾ ಹೋದರು, ದಿನಾ ಬಂದರು. ಇದರಲ್ಲಿ ರೀಲ್ ಮಾಡೋಕೆ ಏನೂ ಇಲ್ಲ. ರೈಲಿನ ಟೈಮು, ಮಕ್ಕಳ ಊಟ, ಒಂದೇ ರಾಗದ ಒಂದೇ ತುಣುಕನ್ನ ಮತ್ತೆ ಮತ್ತೆ ತಿದ್ದೋದು. ಆದರೆ ಆ ಕಾಲಕ್ಕೆ, ಆ ಜಾತಿಯ ಹೆಣ್ಣಿಗೆ, ಅದಕ್ಕಿಂತ ದೊಡ್ಡ ಕಟ್ಟಳೆ ಮುರಿಯೋದು ಇನ್ನೊಂದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನಮ್ಮ ಸಂಘದ ಚರ್ಚೆಯಲ್ಲಿ ಸೀನಿಯರ್ ಒಬ್ಬರು ಎತ್ತಿದ್ದೂ ಹೌದು: "ಹಂಗಂದ್ರೆ ಹೆಣ್ಣುಮಕ್ಕಳು ಮನೆನೂ ನಡೆಸಬೇಕು, ಹಾಡಲೂ ಬೇಕು ಅಂತಲಾ? ಅದನ್ನೇ ಅಲ್ವಾ ಎಲ್ಲ ಅತ್ತೆಯಂದಿರೂ ಹೇಳೋದು?" ಸರಿಯಾದ ಪ್ರಶ್ನೆ. ಅದಕ್ಕೇ ಇಸ್ತ್ರಿ ಮಾಡಬೇಡಿ ಅಂತಿರೋದು. 'ಎರಡನ್ನೂ ನಿಭಾಯಿಸಿದ ಆದರ್ಶ ಮಹಿಳೆ' ಅಂತ ಬರೆದುಬಿಟ್ಟರೆ ಅದು ಖಂಡಿತ ಅತ್ತೆಯ ಮಾತೇ ಆಗುತ್ತೆ. ನಿಜ ಏನು ಅಂದ್ರೆ ಅದಕ್ಕೆ ಬೆಲೆ ತೆತ್ತಿದ್ದಾರೆ, ಅವರೊಬ್ಬರೇ ತೆತ್ತಿಲ್ಲ. ತಾಯಿ ತನ್ನ ಹಾಡು ನಿಲ್ಲಿಸಿದರು. ಸಂಸಾರದ ಖರ್ಚಿನ ಭಾರ ಬಹುಪಾಲು ಗಂಗೂಬಾಯಿಯ ಕಚೇರಿಗಳ ಮೇಲೆಯೇ ಬಿತ್ತು. ಮಗಳು ಕೃಷ್ಣಾ ಹಾನಗಲ್ ಒಳ್ಳೆಯ ಗಾಯಕಿ, ದಶಕಗಳ ಕಾಲ ಅಮ್ಮನ ಹಿಂದೆ ಕೂತು ದನಿಗೂಡಿಸಿದರು, 2004ರಲ್ಲಿ ಅಮ್ಮನಿಗಿಂತ ಮೊದಲೇ ಹೋದರು. ಹಳೆಯ ರೆಕಾರ್ಡಿಂಗ್ ಕೇಳುವಾಗ ಆ ಎರಡನೇ ದನಿಗೆ ಒಮ್ಮೆ ಕಿವಿಗೊಡಿ. ಆ ದನಿಯ ಕಥೆಯನ್ನ ನಮ್ಮ ಕ್ವಿಜ್‌ನಲ್ಲಿ ಯಾರೂ ಕೇಳಲ್ಲ. ಮೂರು ತಲೆಮಾರಿನ ಹೆಣ್ಣುಮಕ್ಕಳು ಸೇರಿ ಒಂದು ಹೆಸರನ್ನ ಎತ್ತಿ ನಿಲ್ಲಿಸಿದ್ದಾರೆ. ಇದನ್ನ ಆದರ್ಶ ಅಂತ ಕರೆದು ಕೈತೊಳೆದುಕೊಳ್ಳೋಕಾಗಲ್ಲ. ಒಬ್ಬ ಹೆಣ್ಣು ಹಾಡೋಕೆ ಇಷ್ಟೆಲ್ಲ ಬೇಕಾಯಿತಾ ಅಂತ ಕೇಳಬೇಕು.

ಇನ್ನು ಆ ದನಿಯ ವಿಷಯ. ಯೂಟ್ಯೂಬ್‌ನಲ್ಲಿ ಗಾಂಧಾರಿ ಕಾಲದ ಹಳೆಯ ಪ್ಲೇಟ್ ಒಂದನ್ನ ಕೇಳಿ, ಆಮೇಲೆ ಅವರ ನಡುವಯಸ್ಸಿನ ಖಯಾಲ್ ಕೇಳಿ. ಇಬ್ಬರು ಬೇರೆ ಮನುಷ್ಯರು ಅನಿಸುತ್ತೆ. ಮೊದಲನೆಯದು ತೆಳ್ಳಗೆ, ಎತ್ತರದಲ್ಲಿ. ಎರಡನೆಯದು ಭಾರ, ಕೆಳಗೆ, ಗಂಡಸರು ಹಾಡೋ ಶ್ರುತಿಯ ಹತ್ತಿರ. ಟಾನ್ಸಿಲ್ ತೊಂದರೆ, ಅದರ ಚಿಕಿತ್ಸೆಯ ನಂತರ ದನಿ ಹಾಗೆ ಇಳಿಯಿತು. ಇನ್ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗೀತು ಅಂತಿದ್ದರು. ಹೆಣ್ಣಿನ ದನಿ ಅಂದ್ರೆ ಇಂಪಾಗಿ, ನಾಜೂಕಾಗಿ ಇರಬೇಕು ಅನ್ನೋದು ಅವತ್ತೂ ಇತ್ತು, ಇವತ್ತೂ ಇದೆ. ಗಂಗೂಬಾಯಿ ಹೊಸ ದನಿಯನ್ನ ಮುಚ್ಚಿಡಲಿಲ್ಲ. ಅದು ಏನು ಮಾಡಬಲ್ಲದು ಅಂತ ಹುಡುಕಿದರು. ಮೊದಲು ಠುಮ್ರಿ, ಭಜನೆ, ಲಘು ಗೀತೆಗಳನ್ನೂ ಹಾಡುತ್ತಿದ್ದವರು 1945ರ ನಂತರ ಅವನ್ನೆಲ್ಲ ಬಿಟ್ಟು ರಾಗಸಂಗೀತವನ್ನೇ ಹಿಡಿದರು. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ, ಸಿಸ್ಟಮ್ ಬದಲಾಯಿತು, ಅವರು ಹಳೆಯ ಔಟ್‌ಪುಟ್‌ಗೆ ಅಳುತ್ತಾ ಕೂರಲಿಲ್ಲ.

ನಾವು ಮಾತ್ರ ಇವತ್ತಿಗೂ ಅದನ್ನ 'ಗಂಡು ದನಿ' ಅಂತೀವಿ, ಹೊಗಳಿಕೆ ಅಂದುಕೊಂಡೇ ಅಂತೀವಿ. ಹೆಣ್ಣೊಬ್ಬಳು ಗಟ್ಟಿಯಾಗಿ ಏನಾದರೂ ಮಾಡಿದರೆ ಅದು ಗಂಡಸಿನದಾಗಿಬಿಡಬೇಕಾ? ಅದು ಗಂಗೂಬಾಯಿ ದನಿ. ಹೆಣ್ಣಿನ ದನಿ ಅಷ್ಟು ಅಗಲ ಇರಬಹುದು ಅಂತ ನಾವು ಒಪ್ಪಿಕೊಂಡರೆ ಸಾಕು.

ಅವರೇ ಇದನ್ನೆಲ್ಲ ಚೆನ್ನಾಗಿ ಬಲ್ಲವರು. ದೊಡ್ಡ ಗಾಯಕ ಮುಸ್ಲಿಂ ಆದರೆ ಉಸ್ತಾದ್ ಆಗ್ತಾನೆ, ಹಿಂದೂ ಆದರೆ ಪಂಡಿತ ಆಗ್ತಾನೆ, ಕೇಸರಬಾಯಿ, ಮೋಗೂಬಾಯಿ ಅಂಥವರು ಮಾತ್ರ 'ಬಾಯಿ'ಗಳಾಗಿಯೇ ಉಳಿದರು ಅನ್ನೋ ಅರ್ಥದ ಮಾತನ್ನ ಅವರು ಹೇಳಿದ್ದರು. ಜಗಳವಿಲ್ಲ, ಘೋಷಣೆಯಿಲ್ಲ, ಒಂದು ಮಾತು ಅಷ್ಟೇ. ಆದರೂ ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತೆ.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 96 ದಾಟಿತ್ತು. ಕಣ್ಣುಗಳನ್ನ ದಾನ ಮಾಡಿದ್ದರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ, ಹುಬ್ಬಳ್ಳಿಯ ಗುರುಕುಲಕ್ಕೆ ಅವರ ಹೆಸರಿದೆ. ಐದನೇ ಇಯತ್ತೆಗೆ ಶಾಲೆ ನಿಂತ ಹುಡುಗಿಯ ಹೆಸರಿನಲ್ಲಿ ಈಗ ಡಿಗ್ರಿ ಕೊಡ್ತಾರೆ. ಒಳ್ಳೆಯದೇ. ಆದರೆ ಕಟ್ಟಡಕ್ಕೆ ಹೆಸರಿಡೋದು ಸುಲಭದ ಗೌರವ. ಕಷ್ಟದ ಗೌರವ ಅಂದ್ರೆ ಆ ಹೆಸರು ಎಲ್ಲಿಂದ ಬಂತು ಅಂತ ಪೂರ್ತಿ ಹೇಳೋದು.

ಅದಕ್ಕೆ ನಮ್ಮ ಸಂಘಕ್ಕೆ ನನ್ನದು ಎರಡು ಸಣ್ಣ ಬೇಡಿಕೆ. ಒಂದು, ಮುಂದಿನ ಸಲ ಮಹಿಳಾ ದಿನಕ್ಕೆ ಪಿಪಿಟಿಯಲ್ಲಿ ಹತ್ತು ಸಾಧಕಿಯರ ಫೋಟೋ, ಹತ್ತು ಪ್ರಶಸ್ತಿ ತೋರಿಸೋದು ಬೇಡ. ಒಬ್ಬರನ್ನೇ ತಗೊಳ್ಳಿ. ಅವರ ಒಂದು ಆತ್ಮಕಥೆ ಓದಿ, ಒಂದು ರೆಕಾರ್ಡಿಂಗ್ ಪೂರ್ತಿ ಕೇಳಿ. ಖಯಾಲ್ ನಿಧಾನ ಅಂತ ಎದ್ದು ಹೋಗೋರು ಹೋಗಲಿ. ನನಗೂ ಮೊದಲ ಸಲ ಹತ್ತು ನಿಮಿಷಕ್ಕೆ ನಿದ್ದೆ ಬಂದಿತ್ತು. ನಾಲ್ಕನೇ ಸಲಕ್ಕೆ ಬರಲಿಲ್ಲ. ಎರಡು, ಫೆಸ್ಟ್‌ನಲ್ಲಿ ಹಾಡೋ, ಬರೆಯೋ, ಬಿಡಿಸೋ ಹುಡುಗಿಯರನ್ನ ಪರಿಚಯಿಸುವಾಗ 'ಓದಿನ ಜೊತೆಗೆ ಹವ್ಯಾಸವಾಗಿ' ಅಂತ ಸೇರಿಸೋದು ನಿಲ್ಲಿಸಿ. ಅದು ಹವ್ಯಾಸವೋ, ಬದುಕೋ ಅಂತ ಅವರೇ ಹೇಳಲಿ.

ರೂಮ್‌ಮೇಟ್ ಈಗ ಮತ್ತೆ ಬಿಡಿಸ್ತಿದ್ದಾಳೆ ಅಂತ ಬರೆದು ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಿಲ್ಲ. ಅವಳ ಸ್ಕೆಚ್ ಬುಕ್ ಇನ್ನೂ ಸೂಟ್‌ಕೇಸಿನ ತಳದಲ್ಲೇ ಇದೆ. ಕುಂದಗೋಳದ ರೈಲಿನ ಕಥೆ ಮಾತ್ರ ಅವಳಿಗೆ ಹೇಳಿದ್ದೀನಿ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ದಿನಾ ಹೋಗಿ ಬರ್ತಿದ್ರಾ?"

ಹೌದು, ದಿನಾ.